ಎಲ್ಲರೂ ಓಡಿಸಿದ ಕಾರು, ಯಾರೂ ಎತ್ತಿಡದ ಕಾರು

ಬೂದಿಕೋಟೆ ಅಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಹೈದರಾಲಿ. ಅವನು ಹುಟ್ಟಿದ ಊರು ಇದು. ಸುಮಾರು ಮುನ್ನೂರು ವರ್ಷ ಆದರೂ ಕೋಟೆಯ ಕಲ್ಲು ಇನ್ನೂ ಉಳಿದಿವೆ. ಕಲ್ಲಿನ ಹಣೆಬರಹವೇ ಹಾಗೆ, ಯಾರೂ ನೋಡಿಕೊಳ್ಳದಿದ್ದರೂ ಒಂದಷ್ಟು ಉಳಿಯುತ್ತದೆ.

ಈಗ ಇನ್ನೊಂದು ಪ್ರಶ್ನೆ. ನಿಮ್ಮ ಊರಿಗೆ ಬಂದ ಮೊದಲ ಮಾರುತಿ ಕಾರು ಯಾರದು? ಮನೆಯ ಹಿರಿಯರನ್ನು ಕೇಳಿ ನೋಡಿ, ಥಟ್ಟನೆ ಹೇಳುತ್ತಾರೆ. ಡಾಕ್ಟರದು, ರೇಷ್ಮೆ ವ್ಯಾಪಾರದವರದು, ಗಣಿಯಲ್ಲಿ ಕೆಲಸಕ್ಕಿದ್ದವರದು, ಹೀಗೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಬಣ್ಣವೂ ನೆನಪಿರುತ್ತದೆ. ಅದರಲ್ಲಿ ಕೂತು ಬಂಗಾರಪೇಟೆ ಆಸ್ಪತ್ರೆಗೆ ಹೋದ ರಾತ್ರಿಯೂ ನೆನಪಿರುತ್ತದೆ.

ಆ ಕಾರು ಈಗ ಎಲ್ಲಿದೆ ಅಂತ ಕೇಳಿ. ಉತ್ತರ ಬಹುತೇಕ ಒಂದೇ. "ಗುಜರಿಗೆ ಹೋಯ್ತು."

ಇವತ್ತಿನ ಬರಹ ಅದರ ಬಗ್ಗೆ. ಒಂದು ಹಳೆಯ ಜಪಾನಿ ಕಾರನ್ನು ಓಡಿಸದೆ, ಕಾರ್ಖಾನೆಯಿಂದ ಬಂದ ಹಾಗೆಯೇ ಉಳಿಸಿಕೊಳ್ಳುವುದು ಅಂದರೆ ಏನು? ಅದು ದುಡ್ಡಿದ್ದವರ ಹುಚ್ಚೋ, ಅಥವಾ ಅದರಲ್ಲಿ ನಮಗೂ ಏನಾದರೂ ಇದೆಯೋ?

ರಾಗಿಯಿಂದ ಶುರು ಮಾಡೋಣ

ನಮ್ಮ ಕಡೆ ಕಣ ಮುಗಿದ ಮೇಲೆ ಮನೆಯ ಹಿರಿಯರು ಮೊದಲು ಮಾಡುತ್ತಿದ್ದ ಕೆಲಸ ಯಾವುದು? ಒಳ್ಳೆಯ ತೆನೆಯ ರಾಗಿಯನ್ನು ಬೇರೆ ಇಡುವುದು. ಅದು ಬಿತ್ತನೆಗೆ. ಮನೆಯಲ್ಲಿ ಎಷ್ಟೇ ಕಷ್ಟ ಇದ್ದರೂ ಅದಕ್ಕೆ ಕೈ ಹಾಕುತ್ತಿರಲಿಲ್ಲ. ಎಲ್ಲವನ್ನೂ ಮುದ್ದೆ ಮಾಡಿ ತಿಂದರೆ ಮುಂದಿನ ವರ್ಷ ಆ ತಳಿಯೇ ಇರುವುದಿಲ್ಲ ಅಂತ ಗೊತ್ತಿತ್ತು.

ಗಾಡಿಗಳ ವಿಷಯದಲ್ಲಿ ನಾವು ಹಾಗೆ ಮಾಡಲಿಲ್ಲ. ರಾಜರ ಮನೆಯ ದೊಡ್ಡ ಕಾರುಗಳನ್ನು ಎತ್ತಿಟ್ಟೆವು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಕಡೆಗೆ ಹೋದವರು ಹಳೆಯ ಕಾರುಗಳ ಸಾಲನ್ನು ನೋಡಿರುತ್ತೀರಿ. ಮೈಸೂರು ರಸ್ತೆಯಲ್ಲಿ ಶ್ರೀರಂಗಪಟ್ಟಣದ ಹತ್ತಿರ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ 'ಪಯಣ' ಎಂಬ ಕಾರು ಮ್ಯೂಸಿಯಂ ಕೂಡ ಇದೆ. ಅಂಥ ಕಾರುಗಳು ಬಂದಾಗಲೇ ಅಪರೂಪ, ಆದ್ದರಿಂದ ಉಳಿದವು.

ನಮ್ಮಂಥವರ ಬದುಕು ಬದಲಾಯಿಸಿದ ಕಾರು ಮಾತ್ರ ಎಲ್ಲೆಲ್ಲೂ ಇತ್ತು. ಎಲ್ಲೆಲ್ಲೂ ಇದ್ದದ್ದನ್ನು ಯಾರು ಎತ್ತಿಡುತ್ತಾರೆ? ಎಲ್ಲವೂ ಓಡಿದವು, ಸವೆದವು, ಹೋದವು.

ಮಾರುತಿಗಿಂತ ಮುಂಚೆ ಕೆಜಿಎಫ್‌ಗೆ ಬಂದ ಜಪಾನ್

ಜಪಾನ್ ಅಂದರೆ ನಮಗೆ ಕಾರು ನೆನಪಾಗುತ್ತದೆ. ಆದರೆ ನಮ್ಮ ಪಕ್ಕದ ಕೆಜಿಎಫ್‌ಗೆ ಜಪಾನ್ ಬಂದದ್ದು ಕಾರಿಗಿಂತ ಮೊದಲು.

1960ರ ದಶಕದಲ್ಲಿ ಚಾಂಪಿಯನ್ ರೀಫ್ ಗಣಿಯೊಳಗೆ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, ವಿಜ್ಞಾನಿಗಳು ಉಪಕರಣ ಇಟ್ಟು ಕೂತಿದ್ದರು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮೂರೂ ಸೇರಿ ಮಾಡಿದ ಕೆಲಸ ಅದು. ಗಾಳಿಮಂಡಲದಲ್ಲಿ ಹುಟ್ಟಿ ಭೂಮಿಯೊಳಗೂ ತೂರಿಬರುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣದ ಗುರುತು 1965ರಲ್ಲಿ ಅಲ್ಲಿ ಸಿಕ್ಕಿತು.

ಅದೇ ಕಾಲಕ್ಕೆ ಕೆಜಿಎಫ್‌ನಲ್ಲಿ ಬೆಮೆಲ್ ತಲೆಯೆತ್ತಿತು. 1964ರ ಮೇ ತಿಂಗಳಲ್ಲಿ ಶುರುವಾದ ಈ ಸರ್ಕಾರಿ ಕಂಪನಿ ಜಪಾನಿನ ಕೊಮಾಟ್ಸು ಕಂಪನಿಯ ತಾಂತ್ರಿಕ ನೆರವಿನಿಂದ ಬುಲ್‌ಡೋಜರ್ ಮಾಡಿತು. ಅಂದರೆ ಜಪಾನಿ ನಕ್ಷೆಯನ್ನು ಮುಂದಿಟ್ಟುಕೊಂಡು ಯಂತ್ರ ಕಟ್ಟುವ ಕೆಲಸ ನಮ್ಮ ಕಡೆಯ ಕೈಗಳಿಗೆ ಹೊಸದಲ್ಲ. ಮಾರುತಿ ಬರುವ ಹೊತ್ತಿಗೆ ಕೆಜಿಎಫ್‌ನ ಎಷ್ಟೋ ಮನೆಗಳಲ್ಲಿ ಜಪಾನಿ ಯಂತ್ರದ ಮಾತು ಊಟದ ಹೊತ್ತಿನ ಮಾತೇ ಆಗಿತ್ತು.

ಮಗ್ಗದಿಂದ ಕಾರಿಗೆ

ರೇಷ್ಮೆಯ ನಾಡಿನವರಾದ ನಮಗೆ ಇಷ್ಟವಾಗುವ ಒಂದು ಸಂಗತಿ ಇದೆ. ಸುಜುಕಿ, ಟೊಯೊಟಾ ಎರಡೂ ಮಗ್ಗದಿಂದ ಹುಟ್ಟಿದ ಕಂಪನಿಗಳು. ಮಿಚಿಯೊ ಸುಜುಕಿ 1909ರಲ್ಲಿ ಹಮಾಮಾತ್ಸು ಎಂಬ ಊರಿನಲ್ಲಿ ಮಗ್ಗ ಮಾಡಲು ಶುರು ಮಾಡಿದವರು. ಟೊಯೊಟಾ ಮನೆತನದ ಸಕಿಚಿ ಟೊಯೊಡಾ ನೂಲು ತುಂಡಾದರೆ ತಾನಾಗಿ ನಿಲ್ಲುವ ಮಗ್ಗ ಮಾಡಿದವರು. ಅವರ ಮಗ ಕಿಚಿರೊ ಕಾರಿನ ಕಡೆ ತಿರುಗಿದರು.

ಎರಡನೇ ಮಹಾಯುದ್ಧದಲ್ಲಿ ಸೋತು ಬಡವಾದ ಜಪಾನ್ 1949ರಲ್ಲಿ ಸಣ್ಣ ಗಾಡಿಗಳಿಗೆ ಒಂದು ಪ್ರತ್ಯೇಕ ವರ್ಗ ಮಾಡಿತು. ಎಂಜಿನ್ ಇಷ್ಟೇ ಇರಬೇಕು, ಉದ್ದ ಇಷ್ಟೇ ಇರಬೇಕು, ಹಾಗಿದ್ದರೆ ತೆರಿಗೆ ಕಡಿಮೆ. ಅದಕ್ಕೆ 'ಕೆಯಿ' ಕಾರು ಅನ್ನುತ್ತಾರೆ. ಕಡಿಮೆ ತಗಡು, ಸಣ್ಣ ಚಕ್ರ, ಕಡಿಮೆ ಖರ್ಚು. ಅದೇ ಸಾಲಿನಲ್ಲಿ 1979ರಲ್ಲಿ ಸುಜುಕಿಯ ಆಲ್ಟೊ ಬಂತು. ಅಲ್ಲಿ ಅದರ ಬೆಲೆ 4,70,000 ಯೆನ್. ಅಗ್ಗದ ಕಾರು ಅಂತಲೇ ಹೆಸರು ಮಾಡಿತು.

ಆ ಕಾಲಕ್ಕೆ ನಮ್ಮ ದೇಶದಲ್ಲಿ ಕಾರು ಅಂದರೆ ಅಂಬಾಸಿಡರ್ ಅಥವಾ ಫಿಯಟ್. ಎರಡೂ ಯುರೋಪಿನ ಹಳೆಯ ನಕ್ಷೆಗಳು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. 1981ರಲ್ಲಿ ಕೇಂದ್ರ ಸರ್ಕಾರ ಮಾರುತಿ ಉದ್ಯೋಗ್ ಕಂಪನಿ ಕಟ್ಟಿತು. 1982ರ ಅಕ್ಟೋಬರ್‌ನಲ್ಲಿ ಸುಜುಕಿಯ ಜೊತೆ ಒಪ್ಪಂದ ಆಯಿತು. ಸುಜುಕಿಯ ಕಡೆಯಿಂದ ಮುಂದೆ ನಿಂತವರು ಒಸಾಮು ಸುಜುಕಿ. ಅವರು 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಮರುವರ್ಷ ನಮ್ಮ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಕೊಟ್ಟಿತು.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಹೊರಬಂತು. ಮೂರು ಸಿಲಿಂಡರ್, 796 ಸಿಸಿ ಎಂಜಿನ್, ಮುಂದಿನ ಚಕ್ರಕ್ಕೆ ಶಕ್ತಿ, 12 ಇಂಚಿನ ಚಕ್ರ. ಮೊದಮೊದಲ ಕಾರುಗಳ ಹೆಚ್ಚಿನ ಭಾಗಗಳು ಜಪಾನಿನಿಂದಲೇ ಬಂದವು, ಇಲ್ಲಿ ಜೋಡಿಸಿದ್ದು. ಹಾಗಾಗಿ ಆ ಮೊದಲ ಮಾರುತಿಗಳನ್ನು ಜಪಾನಿ ಕಾರು ಅಂದರೆ ತಪ್ಪಿಲ್ಲ. 1986ರಲ್ಲಿ ಕಾರಿನ ಆಕಾರ ಬದಲಾಯಿತು. ಆದ್ದರಿಂದ ಮೊದಲ ಆಕಾರದ ಕಾರುಗಳು ತಯಾರಾದದ್ದು ಮೂರು ವರ್ಷದೊಳಗೆ. ಇವತ್ತು ರಸ್ತೆಯಲ್ಲಿ ಅಂಥದ್ದೊಂದನ್ನು ಕಂಡಿದ್ದೀರಾ, ನೆನಪು ಮಾಡಿಕೊಳ್ಳಿ.

ಮೊದಲ ಕಾರೇ ತುಕ್ಕು ಹಿಡಿಯಿತು

ದೇಶದ ಮೊದಲ ಮಾರುತಿ 800ರ ಬೀಗದ ಕೈಯನ್ನು ಇಂದಿರಾ ಗಾಂಧಿಯವರು ದೆಹಲಿಯ ಹರ್‌ಪಾಲ್ ಸಿಂಗ್ ಅವರ ಕೈಗೆ ಕೊಟ್ಟರು. ಚೀಟಿ ಎತ್ತಿದಾಗ ಬಂದ ಅದೃಷ್ಟ ಅದು. ಅವರು ಆ ಕಾರನ್ನು ಮಾರಲಿಲ್ಲ. 2010ರಲ್ಲಿ ತೀರಿಕೊಳ್ಳುವವರೆಗೂ ಇಟ್ಟುಕೊಂಡಿದ್ದರು.

ಆಮೇಲೆ ಏನಾಯಿತು? ದೇಶದ ಚರಿತ್ರೆಯಲ್ಲಿ ಜಾಗ ಇರುವ ಆ ಕಾರು ಮನೆಯ ಹೊರಗೆ ಬಿಸಿಲು ಮಳೆಗೆ ನಿಂತಿತು. ಬಣ್ಣ ಹೋಯಿತು, ತಗಡು ತುಕ್ಕು ಹಿಡಿಯಿತು. ಅದರ ಫೋಟೊಗಳು ಜನರ ಫೋನಿನಿಂದ ಫೋನಿಗೆ ಹರಿದಾಡಿದವು. ಕೊನೆಗೆ ಮಾರುತಿ ಕಂಪನಿಯೇ ಅದನ್ನು ರಿಪೇರಿ ಮಾಡಿಸಿ ತನ್ನ ಮುಖ್ಯ ಕಚೇರಿಯಲ್ಲಿ ನೋಡಲು ಇಟ್ಟಿತು.

ಕಾರು ಉಳಿಯಿತು, ಸಂತೋಷ. ಆದರೆ 1983ರಲ್ಲಿ ಕಾರ್ಖಾನೆಯಲ್ಲಿ ಹೊಡೆದ ಬಣ್ಣ ವಾಪಸ್ ಬರುವುದಿಲ್ಲ. ರಿಪೇರಿಯಿಂದ ಸಿಗುವುದು ಕಾರಿನ ರೂಪ. ಮೊದಲ ದಿನದ ಮೈ ಒಮ್ಮೆ ಹೋದರೆ ಹೋಯಿತು.

ಟೊಯೊಟಾ ತನ್ನ ಕಾರನ್ನೇ ಹುಡುಕಿದ ಕಥೆ

ನಮ್ಮ ದೇಶದವರಿಗೆ ಶಿಸ್ತಿಲ್ಲ, ಜಪಾನಿನವರು ಎಲ್ಲ ಜೋಪಾನ ಮಾಡುತ್ತಾರೆ ಅಂತ ನಮ್ಮಲ್ಲಿ ಒಂದು ಮಾತಿದೆ. ಅದು ಪೂರ್ತಿ ನಿಜ ಅಲ್ಲ.

ಟೊಯೊಟಾ ಮಾಡಿ ಮಾರಿದ ಮೊದಲ ಕಾರಿನ ಹೆಸರು 'ಎಎ'. 1936ರಲ್ಲಿ ಬಂತು. 1,404 ಕಾರು ತಯಾರಾದವು. 1980ರ ದಶಕದಲ್ಲಿ ಕಂಪನಿಗೆ 50 ವರ್ಷ ತುಂಬುವ ಹೊತ್ತಿಗೆ ಒಂದನ್ನು ಪ್ರದರ್ಶನಕ್ಕಿಡೋಣ ಅಂತ ಹುಡುಕಿದರೆ ಒಂದೂ ಸಿಗಲಿಲ್ಲ! ಯುದ್ಧದಲ್ಲಿ ಕೆಲವು ಹೋಗಿದ್ದವು, ಓಡಿ ಸವೆದು ಕೆಲವು ಹೋಗಿದ್ದವು, ಉಳಿದದ್ದು ಗುಜರಿಗೆ. ಕೊನೆಗೆ ಕಂಪನಿಯವರು ಅದೇ ಥರದ ಕಾರನ್ನು ಹೊಸದಾಗಿ ಮಾಡಬೇಕಾಯಿತು. ನಗೋಯಾ ಹತ್ತಿರ ನಾಗಕುತೆ ಎಂಬಲ್ಲಿ 1989ರಲ್ಲಿ ತೆರೆದ ಟೊಯೊಟಾ ಕಾರು ಮ್ಯೂಸಿಯಂನಲ್ಲಿ ಇರುವುದು ಹೀಗೆ ಹೊಸದಾಗಿ ಮಾಡಿದ 'ಎಎ'.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2008ರಲ್ಲಿ ರಷ್ಯಾದ ಪೂರ್ವ ತುದಿಯಲ್ಲಿ, ವ್ಲಾಡಿವೋಸ್ಟಾಕ್ ಕಡೆ, ಒಂದು ನಿಜವಾದ 'ಎಎ' ಸಿಕ್ಕಿತು. ರೈತಾಪಿ ಜನ ಅದನ್ನು ದುಡಿಸಿಕೊಂಡಿದ್ದರು. ಬಲಗಡೆ ಇದ್ದ ಸ್ಟೀರಿಂಗ್ ಎಡಕ್ಕೆ ಹೋಗಿತ್ತು. ಬೇರೆ ಗಾಡಿಯ ಭಾಗಗಳು ಸೇರಿದ್ದವು. ಮೈಯೆಲ್ಲ ತುಕ್ಕು. ಅದು ಈಗ ನೆದರ್‌ಲೆಂಡ್ಸ್‌ನ ಲೌಮನ್ ಮ್ಯೂಸಿಯಂನಲ್ಲಿದೆ. ಅಲ್ಲಿಯವರು ಅದಕ್ಕೆ ಹೊಸ ಬಣ್ಣ ಹೊಡೆಯಲಿಲ್ಲ. ಸಿಕ್ಕ ಹಾಗೆಯೇ ಇಟ್ಟಿದ್ದಾರೆ. ಉಳಿದ ಒಂದೇ ಒಂದು ಎಎ ಅಂತ ಗೊತ್ತಿರುವುದು ಅದೇ.

ಇದರ ಎದುರಿಗೆ ಇನ್ನೊಂದು ಕಾರನ್ನು ಇಟ್ಟು ನೋಡಿ. ಟೊಯೊಟಾ 2000ಜಿಟಿ ಎಂಬ ಶೋಕಿ ಕಾರು 1967ರಿಂದ 1970ರವರೆಗೆ ಬಂತು. ಮಾಡಿದ್ದೇ 351. ಶುರುವಿನಿಂದಲೂ ದುಬಾರಿ. 2013ರಲ್ಲಿ ಅಮೆರಿಕದ ಹರಾಜಿನಲ್ಲಿ ಒಂದು 2000ಜಿಟಿ 11 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಆಗಿನ ಲೆಕ್ಕದಲ್ಲಿ ಆರು ಕೋಟಿ ರೂಪಾಯಿ ದಾಟುತ್ತದೆ. ಅಂಥದ್ದನ್ನು ಲೋಕವೇ ಜೋಪಾನ ಮಾಡುತ್ತದೆ. ಸಂಸಾರಸ್ಥರ ಕಾರಿಗೆ ಅಂಥ ಕಾವಲಿಲ್ಲ.

ಬಿಡದಿಯಲ್ಲಿ ಹುಟ್ಟಿದ ಕ್ವಾಲಿಸ್

ನಮ್ಮ ರಾಜ್ಯದ್ದೇ ಒಂದು ಜಪಾನಿ ಗಾಡಿ ಇದೆ. 1997ರಲ್ಲಿ ಟೊಯೊಟಾ ಮತ್ತು ಕಿರ್ಲೋಸ್ಕರ್ ಸೇರಿ ಕಂಪನಿ ಕಟ್ಟಿ, ಬೆಂಗಳೂರಿನ ಆಚೆ ಬಿಡದಿಯಲ್ಲಿ ಕಾರ್ಖಾನೆ ಹಾಕಿದವು. 1999ರ ಕೊನೆಯಲ್ಲಿ ತಯಾರಿ ಶುರುವಾಗಿ, 2000ದ ಆರಂಭದಲ್ಲಿ ಕ್ವಾಲಿಸ್ ರಸ್ತೆಗೆ ಬಂತು. ಇಂಡೊನೇಷ್ಯಾದಲ್ಲಿ 'ಕಿಜಾಂಗ್' ಅಂತ ಓಡುತ್ತಿದ್ದ ಗಾಡಿಯ ರೂಪ ಅದು. 2005ರಲ್ಲಿ ಇನ್ನೋವಾ ಬಂದಾಗ ನಿಂತುಹೋಯಿತು.

ಐದೇ ವರ್ಷ. ಆದರೆ ಆ ಐದು ವರ್ಷದ ಗಾಡಿಗಳು ಎಷ್ಟು ದುಡಿದವು! ತಿರುಪತಿಗೆ, ಧರ್ಮಸ್ಥಳಕ್ಕೆ, ಮದುವೆ ದಿಬ್ಬಣಕ್ಕೆ, ಬೆಂಗಳೂರಿನ ಕಾಲ್ ಸೆಂಟರ್ ರಾತ್ರಿ ಪಾಳಿಗೆ. ಎಷ್ಟೋ ಹುಡುಗರು ಕ್ವಾಲಿಸ್ ಸ್ಟೀರಿಂಗ್ ಹಿಡಿದೇ ಮನೆ ಕಟ್ಟಿದರು, ತಂಗಿಯರ ಮದುವೆ ಮಾಡಿದರು. ಬಾಡಿಗೆಯ ಗಾಡಿ ಮಾಲೀಕನಿಗೆ ಅನ್ನ. ಅದನ್ನು ಓಡಿಸದೆ ನಿಲ್ಲಿಸು ಅಂತ ಯಾರಾದರೂ ಹೇಳಿದ್ದರೆ ನಗುತ್ತಿದ್ದರು. ನಕ್ಕದ್ದೂ ಸರಿಯೇ.

ಹಾಗಾಗಿಯೇ ಇವತ್ತು ಸೀಟಿನ ಬಟ್ಟೆ, ಬಣ್ಣ, ಟೈರು, ಒಳಗಿನ ಸ್ಟಿಕ್ಕರ್ ಎಲ್ಲವೂ ಕಾರ್ಖಾನೆಯದ್ದೇ ಇರುವ ಒಂದು ಕ್ವಾಲಿಸ್ ಸಿಗುವುದು ಬಲು ಕಷ್ಟ. ಅದು ನಮ್ಮ ರಾಜ್ಯದ ಕೆಲಸಗಾರರ ಕೈಯಿಂದ ಬಂದ ಗಾಡಿ ಅನ್ನುವುದನ್ನು ಮರೆಯಬಾರದು.

ನಿಲ್ಲಿಸಿದರೆ ಉಳಿಯುತ್ತದೆಯೇ?

ಬಹಳ ಜನ ತಿಳಿದುಕೊಂಡಿರುವುದು ಹೀಗೆ: ಓಡಿಸಿದರೆ ತಾನೇ ಸವೆಯುವುದು, ಶೆಡ್ಡಿನಲ್ಲಿ ನಿಲ್ಲಿಸಿ ಟಾರ್ಪಾಲು ಹೊದಿಸಿದರೆ ಹಾಗೇ ಇರುತ್ತದೆ.

ಇರುವುದಿಲ್ಲ. ಇದಕ್ಕೆ ದೊಡ್ಡ ಸಾಕ್ಷಿ ನಮ್ಮ ಕಣ್ಣೆದುರೇ ಇದೆ. ಕೆಜಿಎಫ್ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ನೂರಿಪ್ಪತ್ತು ವರ್ಷ ಓಡಿದ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿ. ನೀರೆತ್ತುವ ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಮೇಲಿನ ಕಬ್ಬಿಣಕ್ಕೆ ತುಕ್ಕು. ದಿನಾ ಎಣ್ಣೆ ಕಾಣುತ್ತಿದ್ದ ಯಂತ್ರಗಳ ಕಡೆ ತಿರುಗಿ ನೋಡುವವರಿಲ್ಲದಂತಾಯಿತು. ಓಡುತ್ತಿದ್ದಾಗ ನೂರು ವರ್ಷ ತಾಳಿದ್ದು ನಿಂತಾಗ ಹತ್ತಿಪ್ಪತ್ತು ವರ್ಷಕ್ಕೇ ಸೋತಿತು.

ಕಾರಿಗೂ ಅದೇ ಗತಿ. ನಿಂತ ಕಾರಿನಲ್ಲಿ ಏನೇನು ಆಗುತ್ತದೆ, ಒಂದೊಂದಾಗಿ ನೋಡೋಣ.

ಪೆಟ್ರೋಲ್ ಹಳಸುತ್ತದೆ. ಹೌದು, ಸಾರು ಹಳಸಿದ ಹಾಗೆ. ತಿಂಗಳುಗಟ್ಟಲೆ ನಿಂತರೆ ಅಂಟಾಗಿ ಕಾರ್ಬೊರೇಟರಿನ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಳೆಯ ರಬ್ಬರ್ ಪೈಪಿಗೂ ಅದು ಒಳ್ಳೆಯದಲ್ಲ. ಬಹಳ ಕಾಲ ನಿಲ್ಲಿಸುವ ಕಾರಿನ ಟ್ಯಾಂಕು, ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡಿಸುವುದು ಇದಕ್ಕೇ. ಟ್ಯಾಂಕು ತಗಡಿನದಾದರೆ ಒಳಗೆ ತುಕ್ಕು ಹಿಡಿಯದ ಹಾಗೆ ಎಣ್ಣೆಯ ಪಸೆ ಬಿಡಿಸಬೇಕು.

ಬ್ರೇಕ್ ಆಯಿಲ್ ಕೂಡ ತೇವ ಕುಡಿಯುತ್ತದೆ. ಆಗ ಚಕ್ರದ ಒಳಗಿನ ಬ್ರೇಕ್ ಸಿಲಿಂಡರ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಕಾರು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕು. ಹ್ಯಾಂಡ್‌ಬ್ರೇಕ್ ಎಳೆದು ವರ್ಷಗಟ್ಟಲೆ ಬಿಟ್ಟರೆ ಅದೂ ಹಿಡಿದುಕೊಳ್ಳುತ್ತದೆ. ಚಕ್ರಕ್ಕೆ ಕಲ್ಲು ಅಥವಾ ಮರದ ತುಂಡು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಡುವುದು ಮೇಲು.

ಟೈರು ಒಂದೇ ಕಡೆ ಭಾರ ಹೊತ್ತು ಚಪ್ಪಟೆಯಾಗುತ್ತದೆ. ಅದಕ್ಕೆ ಕಾರನ್ನು ಜಾಕಿ ಕೊಟ್ಟು ಸ್ಟ್ಯಾಂಡಿನ ಮೇಲೆ ಕೂರಿಸುತ್ತಾರೆ, ಅಥವಾ ತಿಂಗಳಿಗೊಮ್ಮೆ ಮುಂದೆ ಹಿಂದೆ ತಳ್ಳುತ್ತಾರೆ. ಬ್ಯಾಟರಿ ತಾನಾಗಿ ಇಳಿಯುತ್ತದೆ. ಬಿಚ್ಚಿ ಬೇರೆ ಇಟ್ಟು ಆಗಾಗ ಚಾರ್ಜ್ ಮಾಡಬೇಕು.

ಎಂಜಿನ್ ಒಳಗಿನ ಎಣ್ಣೆ ಕೆಳಗಿಳಿದು ಸಿಲಿಂಡರಿನ ಗೋಡೆ ಒಣಗುತ್ತದೆ. ತೇವ ಸೇರಿದರೆ ರಿಂಗು ಅಲ್ಲೇ ಕಚ್ಚುತ್ತದೆ. ಹಳೆಯ ಮೆಕ್ಯಾನಿಕ್‌ಗಳು ಪ್ಲಗ್ ಬಿಚ್ಚಿ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ಕೈಯಲ್ಲೇ ಎಂಜಿನ್ ತಿರುಗಿಸುತ್ತಾರೆ. ಅದು ಸರಿಯಾದ ಕ್ರಮ. ಮಾರುತಿ 800ರಲ್ಲಿ ಟೈಮಿಂಗ್ ಬೆಲ್ಟ್ ರಬ್ಬರಿನದು. ಓಡದಿದ್ದರೂ ವಯಸ್ಸಾಗುತ್ತದೆ. ಹಳೆಯ ಬೆಲ್ಟಿನಲ್ಲೇ ಕಾರು ಸ್ಟಾರ್ಟ್ ಮಾಡಲು ಹೋಗಬೇಡಿ.

"ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡ್ತೀನಿ" ಅನ್ನುವವರು ಬಹಳ. ಅದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಉರಿದ ಪೆಟ್ರೋಲಿನಿಂದ ಬಂದ ನೀರು ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಉಳಿದು ತುಕ್ಕು ತರುತ್ತದೆ. ಸ್ಟಾರ್ಟ್ ಮಾಡಿದರೆ ಚೆನ್ನಾಗಿ ಬಿಸಿಯಾಗುವ ತನಕ ಓಡಿಸಬೇಕು. ಇಲ್ಲದಿದ್ದರೆ ಮುಟ್ಟದೆ ಬಿಡಬೇಕು.

ಹೊದಿಕೆಯ ವಿಷಯದಲ್ಲಿ ರಾಗಿ ಬೇರೆ, ಕಾರು ಬೇರೆ. ಹಗೇವಿನಲ್ಲಿ ಗಾಳಿಯಾಡದ ಹಾಗೆ ಮುಚ್ಚಿದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಕಾರಿಗೆ ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ. ಗಾಳಿಯಾಡುವ ಹತ್ತಿ ಬಟ್ಟೆ ಬೇಕು, ಮೇಲೆ ಚಾವಣಿ ಬೇಕು, ಕೆಳಗೆ ಮಣ್ಣಿನ ಬದಲು ಸಿಮೆಂಟ್ ನೆಲ ಬೇಕು. ಮಂಗಳೂರಿನ ಕಡಲ ಗಾಳಿಗೆ ಹೋಲಿಸಿದರೆ ನಮ್ಮ ಕೋಲಾರದ ಒಣ ಹವೆ ಕಬ್ಬಿಣಕ್ಕೆ ಒಳ್ಳೆಯದು. ನಮ್ಮ ತೊಂದರೆ ಧೂಳು. ಕೆಜಿಎಫ್ ಕಡೆ ಗಾಳಿ ಬೀಸಿದರೆ ಸೈನೈಡ್ ದಿಬ್ಬದ ಪುಡಿ ಎಲ್ಲೆಲ್ಲೂ ಕೂರುತ್ತದೆ. ಒಣ ಬಟ್ಟೆಯಲ್ಲಿ ಗಸಗಸ ಒರೆಸಿದರೆ ಬಣ್ಣದ ಮೇಲೆ ಗೀರು. ಮೊದಲು ಧೂಳು ಹಾರಿಸಬೇಕು, ಆಮೇಲೆ ಮೆತ್ತಗೆ ಒರೆಸಬೇಕು.

ಇಲಿಯನ್ನು ಮರೆಯಬೇಡಿ. ವೈರು ಕಡಿದು ಸೀಟಿನೊಳಗೆ ಗೂಡು ಮಾಡುತ್ತದೆ. ಸೈಲೆನ್ಸರಿನ ಬಾಯಿಗೆ ಕಬ್ಬಿಣದ ಜಾಲರಿ ಕಟ್ಟಿ.

ಆಯುಧಪೂಜೆಗೆ ಕಾರು ತೊಳೆದು ಅರಿಶಿನ ಕುಂಕುಮ ಹಚ್ಚುವುದು ನಮ್ಮ ಪದ್ಧತಿ. ಧಾರಾಳವಾಗಿ ಮಾಡಿ. ಆದರೆ ನೀರು ಪೂರ್ತಿ ಆರಿದ ಮೇಲೆ ಹೊದಿಕೆ ಹಾಕಿ. ಅರಿಶಿನ ಕುಂಕುಮವನ್ನು ಅವತ್ತೇ ಒರೆಸಿ, ಇಲ್ಲದಿದ್ದರೆ ಹಳೆಯ ಬಣ್ಣಕ್ಕೆ ಕಲೆ ಕೂರುತ್ತದೆ.

ನೋಡಿ, ಓಡಿಸದ ಕಾರಿಗೆ ಎಷ್ಟು ಕೆಲಸ! ಓಡುವ ಕಾರು ತನ್ನ ನೋವನ್ನು ಸದ್ದು ಮಾಡಿ ಹೇಳುತ್ತದೆ. ನಿಂತ ಕಾರು ಮಾತಾಡುವುದಿಲ್ಲ. ನಾವೇ ಹೋಗಿ ವಿಚಾರಿಸಬೇಕು.

ಹೊಸದು ಮಾಡುವುದು ಬೇರೆ, ಇದ್ದ ಹಾಗೆ ಇಡುವುದು ಬೇರೆ

ಹಳೆಯ ಗಾಡಿಯ ಮೇಲೆ ಪ್ರೀತಿ ಇರುವ ಹುಡುಗರು ನಮ್ಮಲ್ಲಿ ಕಡಿಮೆ ಇಲ್ಲ. ಯಮಹಾ ಆರ್‌ಎಕ್ಸ್ 100 ನೋಡಿ. 1985ರಲ್ಲಿ ಬಂದು 1996ರಲ್ಲಿ ನಿಂತ ಜಪಾನಿ ನಕ್ಷೆಯ ಬೈಕು. ಇವತ್ತಿಗೂ ಅದಕ್ಕೆ ಜೀವ ಬಿಡುವವರಿದ್ದಾರೆ. ಆದರೆ ಪ್ರೀತಿ ಹೆಚ್ಚಾಗಿ ಹೊಸ ಬಣ್ಣ, ಬೇರೆ ಸೈಲೆನ್ಸರ್, ಮಿರಿಮಿರಿ ಕ್ರೋಮಿಯಂ ಆಗಿ ಹೊರಬರುತ್ತದೆ. ಬೈಕು ಚೆಂದ ಕಾಣುತ್ತದೆ, ಸರಿ. ಆದರೆ 1988ರಲ್ಲಿ ಅಂಗಡಿಯಿಂದ ಬಂದ ಬೈಕು ಹೇಗಿತ್ತು ಅಂತ ಅದನ್ನು ನೋಡಿ ತಿಳಿಯುವುದಿಲ್ಲ.

ಮುಟ್ಟದ ಕಾರು ಹೇಳುವ ಸಂಗತಿಗಳು ಬೇರೆ. ತಗಡು ಎಷ್ಟು ತೆಳ್ಳಗಿತ್ತು, ಬೆಸುಗೆ ಎಲ್ಲೆಲ್ಲಿ ಹಾಕಿದ್ದರು, ಯಾವ ಭಾಗದ ಮೇಲೆ ಜಪಾನಿ ಅಕ್ಷರ ಇತ್ತು, ಯಾವುದರ ಮೇಲೆ ಇಂಡಿಯಾ ಅಂತ ಇತ್ತು. ಸುರಕ್ಷೆಗೆ ಏನು ಕೊಟ್ಟಿದ್ದರು, ಏನು ಬಿಟ್ಟಿದ್ದರು. ಆಗಿನ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು, 2000ದಲ್ಲಿ ಅದು ದೇಶಾದ್ಯಂತ ನಿಂತಿತು. ಅದಕ್ಕೂ ಮುಂಚಿನ ಎಂಜಿನ್ ಹೇಗಿತ್ತು ಅಂತ ಓದಿ ತಿಳಿಯುವುದಕ್ಕಿಂತ ನೋಡಿ ತಿಳಿಯುವುದು ಮೇಲು. ಶಾಸನದ ಕಲ್ಲಿನ ಅಕ್ಷರವನ್ನು ಯಾರೋ ಚೆಂದ ಕಾಣಲಿ ಅಂತ ಮತ್ತೆ ಕೆತ್ತಿದರೆ ಅದನ್ನು ಓದುವವರಿಗೆ ಎಷ್ಟು ನಷ್ಟವೋ, ಇಲ್ಲೂ ಅಷ್ಟೇ ನಷ್ಟ.

ಬದಲಾಯಿಸಲೇಬೇಕಾದ ಭಾಗ ಇದ್ದೇ ಇರುತ್ತದೆ. ಬೆಲ್ಟು, ಟೈರು, ಪೈಪು. ಬದಲಾಯಿಸಿ. ಆದರೆ ತೆಗೆದ ಹಳೆಯ ಭಾಗವನ್ನು ಎಸೆಯಬೇಡಿ. ಚೀಟಿ ಬರೆದು, ತಾರೀಕು ಹಾಕಿ, ಡಬ್ಬದಲ್ಲಿ ಇಡಿ.

15 ವರ್ಷ ಮತ್ತು 50 ವರ್ಷ

ಕಾನೂನಿನ ಕಡೆಯಿಂದ ಒಂದು ದೊಡ್ಡ ಕಂದಕ ಇದೆ. ಸ್ವಂತದ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಪ್ರತಿ 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿ ನವೀಕರಿಸಬೇಕು. ಓಡದ ಕಾರಿಗೆ ಇಷ್ಟೆಲ್ಲ ಯಾಕೆ ಅಂತ ಮನೆಯವರು ಕೇಳುತ್ತಾರೆ. ಅಷ್ಟರಲ್ಲಿ ಗುಜರಿಯವನು ಬಾಗಿಲಿಗೆ ಬರುತ್ತಾನೆ.

2021ರಲ್ಲಿ ಕೇಂದ್ರ ಸರ್ಕಾರ ಹಳೆಯ ಗಾಡಿಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ವ್ಯಾಪಾರಕ್ಕೆ ಬಳಸದ ಗಾಡಿಯನ್ನು 'ವಿಂಟೇಜ್' ಅಂತ ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ ಇರುತ್ತದೆ. ಮೊದಲ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗಿರಬಾರದು ಅನ್ನುವುದು ಇಲ್ಲಿ ಮುಖ್ಯ. ಮೂಲ ರೂಪ ಕೆಡಿಸಬೇಡಿ ಅಂತ ಕಾನೂನೂ ಹೇಳುತ್ತಿದೆ.

ಈಗ ಲೆಕ್ಕ ಹಾಕಿ. 1984ರ ಮಾರುತಿಗೆ ಈ ಗೌರವ ಸಿಗುವುದು 2034ಕ್ಕೆ. 2000ದ ಕ್ವಾಲಿಸ್‌ಗೆ 2050ಕ್ಕೆ. 15ಕ್ಕೂ 50ಕ್ಕೂ ನಡುವೆ 35 ವರ್ಷ. ಆ 35 ವರ್ಷ ಕಾರು ಹೊಸದೂ ಅಲ್ಲ, ಚರಿತ್ರೆಯೂ ಅಲ್ಲ. ಮನೆಯವರ ಕಣ್ಣಿಗೆ ಜಾಗ ತಿನ್ನುವ ತಗಡು. ಬಹುತೇಕ ಕಾರು ಸಾಯುವುದು ಈ ನಡುವಿನಲ್ಲೇ.

ಮಾರುತಿ 800, 25 ಲಕ್ಷಕ್ಕೂ ಹೆಚ್ಚು ತಯಾರಾದ ಕಾರು. ಹೊಗೆಯ ಹೊಸ ನಿಯಮ ಬಂದಾಗ 2010ರಲ್ಲಿ ಬೆಂಗಳೂರಿನಂಥ 13 ನಗರಗಳಲ್ಲಿ ಮಾರಾಟ ನಿಂತಿತು. 2014ರ ಜನವರಿಯಲ್ಲಿ ತಯಾರಿಯೇ ನಿಂತಿತು. ಕೊನೆಯಲ್ಲಿ ಬಂದ ಕಾರುಗಳಿಗೂ 2029ರ ಸುಮಾರಿಗೆ 15 ವರ್ಷ ತುಂಬುತ್ತದೆ. 1,404ರಲ್ಲಿ ಒಂದು ಉಳಿದದ್ದನ್ನು ನೋಡಿದೆವು. 25 ಲಕ್ಷ ಇದ್ದವು ಅನ್ನುವ ಧೈರ್ಯದಲ್ಲಿ ಕೂರುವುದು ಬೇಡ.

ನಮ್ಮ ಕೈಲಿ ಏನಾಗುತ್ತದೆ

ಎಲ್ಲರೂ ಕಾರು ನಿಲ್ಲಿಸಿ ಅಂತ ಈ ಬರಹ ಹೇಳುತ್ತಿಲ್ಲ. ಆಸ್ಪತ್ರೆಗೆ ಹೋಗಲು ಗಾಡಿ ಬೇಕಾದ ಮನೆಯಲ್ಲಿ ಗಾಡಿ ಓಡಲೇಬೇಕು. ಎಲ್ಲ ರಾಗಿಯನ್ನೂ ಬಿತ್ತನೆಗೆ ಇಟ್ಟರೆ ಊಟಕ್ಕೆ ಏನು ಮಾಡುವುದು? ಒಂದು ಜಿಲ್ಲೆಗೆ ಒಂದೆರಡು ಉಳಿದರೂ ಸಾಕು.

ನಿಮ್ಮ ಹಿತ್ತಲಲ್ಲೋ ಶೆಡ್ಡಿನಲ್ಲೋ ಕಡಿಮೆ ಓಡಿದ, ಮೂಲ ಬಣ್ಣದಲ್ಲೇ ಇರುವ ಹಳೆಯ ಮಾರುತಿ, ಕ್ವಾಲಿಸ್, ಬೈಕು ಇದ್ದರೆ ಗುಜರಿಯವನಿಗೆ ತೂಕಕ್ಕೆ ಕೊಡುವ ಮುಂಚೆ ಒಂದು ದಿನ ತಡೆಯಿರಿ. ಆರ್‌ಸಿ, ಕೊಂಡಾಗಿನ ಬಿಲ್ಲು, ಸರ್ವಿಸ್ ಪುಸ್ತಕ, ಎರಡನೇ ಬೀಗದ ಕೈ, ಜಾಕಿ, ಸ್ಪ್ಯಾನರ್ ಚೀಲ ಎಲ್ಲ ಒಂದೇ ಕಡೆ ಸೇರಿಸಿ. ಕಾಗದ ಇಲ್ಲದ ಕಾರು ಹೆಸರಿಲ್ಲದ ಫೋಟೊ ಇದ್ದ ಹಾಗೆ. ಕಿಲೋಮೀಟರ್ ಮೀಟರಿನ ಫೋಟೊ ತೆಗೆಯಿರಿ. ಹೊಸ ಬಣ್ಣ ಹೊಡೆಸಬೇಡಿ. ಕಾರನ್ನು ಹಾಗೇ ಇಡುವವರಿಗೆ ಮಾರಿದರೂ ಒಳ್ಳೆಯದೇ.

ಕಾರು ಆಗಲೇ ಹೋಗಿದ್ದರೆ ಅದನ್ನು ಓಡಿಸಿದವರು ಇನ್ನೂ ಇದ್ದಾರೆ. ಬೂದಿಕೋಟೆಗೆ ಜನರ ಮಾತು ದಾಖಲಿಸುವುದು ಹೊಸದಲ್ಲ. ಎರಡು ದಶಕದ ಹಿಂದೆಯೇ ಇಲ್ಲಿಯ ಹೆಣ್ಣುಮಕ್ಕಳ ಸಂಘಗಳು ಸೇರಿ 'ನಮ್ಮ ಧ್ವನಿ' ಅಂತ ಮಾಡಿ, ತಂತಿಯ ಮೂಲಕ ಮನೆಮನೆಗೆ ಕಾರ್ಯಕ್ರಮ ಮುಟ್ಟಿಸಿದ್ದವು. ಈಗ ಎಲ್ಲರ ಕೈಯಲ್ಲೂ ಫೋನಿದೆ. ಊರಿನ ಹಳೆಯ ಡ್ರೈವರಣ್ಣನ ಹತ್ತಿರ, ಗ್ಯಾರೇಜಿನ ಹಿರಿಯರ ಹತ್ತಿರ, ಬೆಮೆಲ್‌ನಲ್ಲಿ ದುಡಿದು ನಿವೃತ್ತರಾದವರ ಹತ್ತಿರ ಅರ್ಧ ಗಂಟೆ ಕೂರಿ. ಮೊದಲ ಕಾರು ಬಂದ ದಿನ ಹೇಗಿತ್ತು, ಏನು ಕೆಡುತ್ತಿತ್ತು, ಹೇಗೆ ಸರಿ ಮಾಡುತ್ತಿದ್ದಿರಿ ಅಂತ ಕೇಳಿ. ಮಾತು ಮುಗಿದ ಮೇಲೆ ರೆಕಾರ್ಡಿಂಗಿಗೆ ಅವರ ಹೆಸರು, ಊರು, ತಾರೀಕು ಸೇರಿಸಿ ಎತ್ತಿಡಿ. ಅದೂ ಬಿತ್ತನೆಯ ರಾಗಿಯೇ.